ಹಸಿರು ಕಂಡ ಸಾಕ್ಷಿ

ಸೊರಬದ ಕಡೆಯ ಮದುಮಗಳೊಬ್ಬಳ ತಲೆಯ ಹಿಂದಿದ್ದ ಬಿಳಿಚಿಕೊಂಡ ಆಕಾಶವನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಯಾವ ಸಂಜೆಯನ್ನು ಹಚ್ಚಬೇಕೆಂದು ಹುಮೇರಾ ನೋಡುತ್ತಿದ್ದಳು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಸಂಜೆಗಳಿಗೇನೂ ಬರವಿಲ್ಲ. ಕೇಸರಿ ಸಂಜೆ, ನೇರಳೆ ಸಂಜೆ, ಹಕ್ಕಿಸಾಲಿನ ಸಂಜೆ, ಸಮುದ್ರದ ಸಂಜೆ. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಎದುರಿನ ಮಾಳಿಗೆಯಲ್ಲಿ ಕೂತುಕೊಂಡೇ ಅವಳು ಎಷ್ಟು ಜೋಡಿಗಳನ್ನು ಸಮುದ್ರದ ದಂಡೆಗೆ ಕಳಿಸಿಲ್ಲ! ತನ್ನ ಮದುವೆ ಮುರಿದು ತವರಿಗೆ ಬಂದವಳು ಕಂಡವರ ಮದುವೆಗಳಿಗೆ ಆಕಾಶ ಹಚ್ಚುತ್ತಾಳೆ ಎಂದು ಯಾರಾದರೂ ಆಡಿಕೊಂಡರೆ ಅವಳಿಗೆ ಬೇಜಾರಿಲ್ಲ, ಯಾಕೆಂದರೆ ಆ ಮಾತನ್ನು ಮೊದಲು ಆಡಿದವಳು ಅವಳೇ. ಕೇಸರಿ ಸಂಜೆಯನ್ನು ಎಳೆದು ತಂದು ಮದುಮಗಳ ಹಿಂದೆ ಬಿಟ್ಟಳು. ಗುಡ್ಡದ ಅಂಚಿಗೆ ತಾಗಿದ ಸೂರ್ಯನ ಮೇಲ್ತುದಿಯಲ್ಲಿ ಹಸಿರು ಗೆರೆಯೊಂದು ಇಣುಕುತ್ತಿತ್ತು. ಲೆನ್ಸಿನ ದೋಷದಿಂದ ಹೀಗೆ ಅಂಚುಗಳಿಗೆ ಬಣ್ಣ ಸೋರುವುದು ಮಾಮೂಲು. ಅದನ್ನು ಒರೆಸಿಹಾಕುವುದೂ ಅವಳ ಕೈಗೆ ಮಾಮೂಲು. ಇವತ್ತು ಮಾತ್ರ ಕೈ ಅಲ್ಲೇ ನಿಂತುಬಿಟ್ಟಿತು.

‘ಏನವ್ವಾ, ಕೈ ನಿಂತೋತಲ್ಲ?’ ಎಂದರು ಸ್ಟುಡಿಯೋದ ಯಜಮಾನರಾದ ಶಿವಮೂರ್ತಪ್ಪ.

‘ನಾಳೆ ಭಾನುವಾರ ದೊಡ್ಡ ಲೆನ್ಸು ಬೇಕ್ರೀ.’

‘ಮತ್ತೆ ಚಂದ್ರಗುತ್ತಿ ಗುಡ್ಡಕ್ಕಾ? ಚಳಿಗಾಲ ಪೂರಾ ಹತ್ತಿದ್ದಾತು. ಸೂರ್ಯ ಮುಳುಗೋದು ನಮ್ಮ ಮಾಳಿಗೆಯಿಂದಲೂ ಕಾಣ್ತೈತಲ್ಲವ್ವಾ.’

‘ಇದೊಂದು ಸಲ ರೀ. ಮುಂದಿನ ವಾರ ರಂಜಾನ್ ಚಂದ್ರ ನೋಡ್ತಾರೆ. ಅಷ್ಟರೊಳಗೆ ಬೇಕು.’

ಶಿವಮೂರ್ತಪ್ಪ ಲೆನ್ಸಿನ ಚೀಲವನ್ನು ಮೇಜಿನ ಮೇಲಿಟ್ಟು, ಒಡೆದರೆ ನೀನೇ ಜವಾಬ್ದಾರಿ ಎಂಬ ಮಾತನ್ನು ಈ ಸಲ ಬಾಯಿಬಿಟ್ಟು ಹೇಳದೆ ಬರೀ ಕಣ್ಣಲ್ಲೇ ಹೇಳಿ ಹೋದರು. ಹೋದ ವರ್ಷ ಇದೇ ಹೊತ್ತಿನಲ್ಲಿ ಅವಳ ಅಬ್ಬಾ ಪೀರ್ ಸಾಬ್ ಈದ್ಗಾ ದಿಬ್ಬದಿಂದ ಇಳಿದು ಮನೆಗೆ ಬಂದಿದ್ದರು, ಹಿಂದೆಯೇ ಬಟ್ಟೆ ಅಂಗಡಿಯ ಬುಡನ್ ಸಾಬರೂ ಬೇರೆ ಕೆಲವರೂ. ರಂಜಾನಿಗೆ ಮುಂಚಿನ ಶಾಬಾನ್ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ ದಿಬ್ಬ ಹತ್ತಿ ಚಂದ್ರನನ್ನು ಹುಡುಕುವುದು ಊರಿನ ರೂಢಿ. ಕೊನೆಯ ಮಾತು ಬೆಂಗಳೂರಿನಿಂದ ಫೋನಿನಲ್ಲಿ ಬರುತ್ತದೆ, ನಿಜ. ಆದರೂ ಊರವರಿಗೆ ಊರಿನ ಕಣ್ಣೇ ಬೇಕು. ಆ ಕಣ್ಣು ಪೀರ್ ಸಾಬರದು. ಹಾಸಿಗೆ ಹೊಲಿಯುವ ಮನುಷ್ಯ, ಮೈಯೆಲ್ಲಾ ಹತ್ತಿಯ ಧೂಳು, ಮಾತು ಕಡಿಮೆ. ಆದರೆ ಅವರು ‘ಕಂಡೆ’ ಎಂದರೆ ಕಂಡಂತೆ, ‘ಕಾಣಲಿಲ್ಲ’ ಎಂದರೆ ಊರೆಲ್ಲ ಇನ್ನೊಂದು ದಿನ ಕಾಯುತ್ತಿತ್ತು. ಅವತ್ತೂ ಚಂದ್ರನನ್ನು ಮೊದಲು ತೋರಿಸಿದವರು ಅವರೇ. ತೋರಿಸಿ ಸುಮ್ಮನಿರಬಹುದಿತ್ತು. ಚಹಾ ಕುಡಿಯುತ್ತಾ, ಯಾರೂ ಕೇಳದಿದ್ದರೂ, ‘ಇವತ್ತು ಒಂದು ವಿಚಿತ್ರ ನೋಡಿದೆ, ಸೂರ್ಯ ಹೋಗುವಾಗ ಕೊನೆಯ ಚೂರು ಹಸಿರಾಯ್ತು’ ಎಂದುಬಿಟ್ಟರು. ಆಗ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಮೇರಾ ನಕ್ಕಳು. ‘ಅಬ್ಬಾ, ಕಣ್ಣಿಗೆ ಪೊರೆ ಬಂದಿರಬೇಕು ನಿಮಗೆ’ ಎಂದಳು. ಮನೆಮಗಳೇ ನಕ್ಕ ಮೇಲೆ ಊರು ನಗುವುದಕ್ಕೆ ಏನು ಅಡ್ಡಿ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೊನ್ನೆ ಬುಡನ್ ಸಾಬರು ಅಬ್ಬಾರ ಅಂಗಡಿಗೇ ಬಂದು, ಹಾಸಿಗೆಯೊಂದರ ಮೇಲೆ ಕೈಯಾಡಿಸುತ್ತಾ, ‘ಪೀರ್ ಭಾಯ್, ಈ ಸಲ ಹುಡುಗರು ನೋಡ್ತಾರಂತೆ. ನೀವು ಆರಾಮಾಗಿ ಮನೇಲಿರಿ’ ಎಂದು ತುಂಬ ಮರ್ಯಾದೆಯಿಂದ ಹೇಳಿ ಹೋದರು. ಅಬ್ಬಾ ದಬ್ಬಣ ಚುಚ್ಚುವುದನ್ನು ನಿಲ್ಲಿಸಲಿಲ್ಲ. ಬೈದು ಹೋಗಿದ್ದರೆ ಚೆನ್ನಾಗಿತ್ತು ಎಂದು ಹುಮೇರಾಳಿಗೆ ಅನ್ನಿಸಿತ್ತು.

ಭಾನುವಾರ ಮಧ್ಯಾಹ್ನ ಸೊರಬದ ಬಸ್ಸಿನಲ್ಲಿ ಲೆನ್ಸಿನ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ, ಇದೆಲ್ಲ ತಾನು ಯಾರಿಗಾಗಿ ಮಾಡುತ್ತಿದ್ದೇನೆ ಎಂಬ ಪ್ರಶ್ನೆ ಎಂದಿನ ತಿರುವಿನಲ್ಲಿ ಎಂದಿನಂತೆ ಬಂದು ಪಕ್ಕದಲ್ಲಿ ಕೂತಿತು. ಹಸಿರು ಮಿಂಚು ಎಂಬುದೊಂದು ಇದೆ ಎಂದು ಅವಳು ಮೊಬೈಲಿನಲ್ಲಿ ಓದಿದ್ದು ಆ ನಗುವಾದ ಎಷ್ಟೋ ತಿಂಗಳ ಮೇಲೆ, ಸಂಜೆಗಳನ್ನು ಹುಡುಕುತ್ತಿದ್ದಾಗ ಆಕಸ್ಮಿಕವಾಗಿ. ಸೂರ್ಯ ಪೂರ್ತಿ ಮುಳುಗುವ ಗಳಿಗೆಯಲ್ಲಿ ಗಾಳಿಯೇ ಬೆಳಕನ್ನು ಬಗ್ಗಿಸಿ ಸೀಳುತ್ತದಂತೆ. ದಿಗಂತ ದೂರವಿದ್ದು ಗಾಳಿ ತಿಳಿಯಾಗಿದ್ದರೆ ಕೊನೆಯ ಚೂರು ಹಸಿರಾಗಿ ಹೊಳೆದು ಹೋಗುತ್ತದಂತೆ. ಓದಿದವಳೇ ಅಂಗಡಿಗೆ ಓಡಿ, ‘ಅಬ್ಬಾ, ಅದು ಇದೆಯಂತೆ!’ ಎಂದಿದ್ದಳು. ಅಬ್ಬಾ ಹತ್ತಿಯಿಂದ ತಲೆ ಎತ್ತಿ, ‘ಇದೆಯಂತೆ ಅಲ್ಲ ಬೇಟಿ, ಇದೆ’ ಎಂದಿದ್ದರು. ಅಷ್ಟೇ. ಅವರಿಗೆ ಸಂತೋಷವಾಗಲಿಲ್ಲ ಎಂದು ಅವಳಿಗೆ ಸಿಟ್ಟು ಬಂದಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಮನೆಯವರು ಹೇಳಿದಾಗ ಪೊರೆಯಾದದ್ದು ಮೊಬೈಲು ಹೇಳಿದಾಗ ವಿಜ್ಞಾನವಾಯಿತು. ಆದರೂ ಪೂರ್ತಿ ನಂಬಿಕೆ ಬಂದಿತೆಂದು ಹೇಳಲಾಗದು. ಗುಡ್ಡ ಹತ್ತಿದ ಮೊದಲನೆಯ ಭಾನುವಾರ ಅವಳು ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ಸೂರ್ಯನನ್ನೇ ನೋಡಿದ್ದಳು, ಯಾರೂ ಮಾಡಬಾರದ ತಪ್ಪು. ಆಮೇಲೆ ರಾತ್ರಿಯೆಲ್ಲಾ ಅನ್ನದ ತಟ್ಟೆಯ ಮೇಲೆ, ಗೋಡೆಯ ಮೇಲೆ, ಅಮ್ಮಿಯ ಮುಖದ ಮೇಲೆ ಹಸಿರು ಮಚ್ಚೆಯೊಂದು ಕುಣಿಯುತ್ತಿತ್ತು. ಅಬ್ಬಾ ನೋಡಿದ್ದೂ ಇದನ್ನೇ ಇರಬೇಕು ಎಂಬ ಯೋಚನೆ ಆಗ ಬಂದದ್ದು ಇನ್ನೂ ಹೋಗಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಸೊರಬದಲ್ಲಿ ಬಸ್ಸು ಬದಲಿಸಿ, ಚಂದ್ರಗುತ್ತಿಯಲ್ಲಿ ಇಳಿದು, ದೇವಸ್ಥಾನದ ಮೆಟ್ಟಿಲ ಪಕ್ಕದಿಂದ ಗುಡ್ಡದ ದಾರಿ ಹಿಡಿದಾಗ ಹೂವು ಮಾರುವ ತಾಯಮ್ಮ ಎಂದಿನಂತೆ, ‘ಬಂದ್ಯೇನೇ ತಂಗಿ, ಇವತ್ತಾದ್ರೂ ಸಿಕ್ತದಾ ನಿನ್ನ ಸೂರ್ಯ?’ ಎಂದು ಕೇಳಿದಳು. ‘ಸಿಗದೆ ಎಲ್ಲಿಗೆ ಹೋಗ್ತಾನಕ್ಕಾ’ ಎಂದಳು ಹುಮೇರಾ. ಮೇಲೆ ಕೋಟೆಯ ಮುರಿದ ಗೋಡೆಯ ಬಳಿ ಯಾರೋ ಕಾಲೇಜಿನವರು, ‘ಮೇಡಂ, ನಮ್ದೂ ಒಂದು ಹೊಡೀರಿ’ ಎಂದರು. ಹೊಡೆದುಕೊಟ್ಟಳು. ‘ಗಂಡ ಬರಲಿಲ್ವಾ?’ ಎಂದು ಅವರಲ್ಲೊಬ್ಬ ಕೇಳಿದ್ದನ್ನು ಕೇಳಿಸಿಕೊಳ್ಳದವಳಂತೆ ಮುಂದೆ ನಡೆದಳು. ಇಂಥ ಮಾತುಗಳು ಮುಳ್ಳಿನ ಹಾಗೆ. ನಿಂತು ಕೀಳುತ್ತಾ ಕೂತರೆ ಸೂರ್ಯ ಮುಳುಗಿಬಿಡುತ್ತದೆ. ಪಶ್ಚಿಮಕ್ಕೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೂ ತೆಳುವಾದ ಗುಡ್ಡ, ಕೊನೆಗೆ ಗುಡ್ಡವೋ ಮಂಜೋ ತಿಳಿಯದ ಗೆರೆ. ಇವತ್ತು ಆ ಗೆರೆ ಚಾಕುವಿನಲ್ಲಿ ಕೊಯ್ದಷ್ಟು ಸ್ಪಷ್ಟವಾಗಿತ್ತು. ಹಿಂದಿನ ಭಾನುವಾರಗಳಲ್ಲಿ ಒಮ್ಮೆ ಮೋಡ, ಒಮ್ಮೆ ಗದ್ದೆಯ ಕೂಳೆ ಸುಟ್ಟ ಹೊಗೆ, ಇನ್ನೊಮ್ಮೆ ಬಸ್ಸು ಕೆಟ್ಟದ್ದು. ಇವತ್ತು ನೆಪ ಹೇಳಲು ಆಕಾಶಕ್ಕೆ ಏನೂ ಉಳಿದಿರಲಿಲ್ಲ. ಮೂರುಕಾಲಿನ ಸ್ಟ್ಯಾಂಡು ನಿಲ್ಲಿಸಿ, ಅದರ ಕಾಲಿಗೆ ಕಲ್ಲು ಒತ್ತಿ, ಕಿಂಡಿಗೆ ಕಣ್ಣಿಡದೆ ಹಿಂದಿನ ಪರದೆಯ ಮೇಲೆ ಬಗ್ಗಿದಳು. ಸೂರ್ಯ ಇಳಿಯಿತು. ಕೆಳಗೆ ತಾಗಿದಾಗ ಕೈಯಲ್ಲಿ ಒತ್ತಿದ ರೊಟ್ಟಿಯ ಹಾಗೆ ಚಪ್ಪಟೆಯಾಗಿ, ಪಕ್ಕಗಳು ಸೊಟ್ಟಗಾಗಿ, ಅರ್ಧವಾಗಿ, ಉಗುರಿನಷ್ಟಾಯಿತು. ಈಗ ಎನ್ನಿಸಿದ ತಕ್ಷಣ ಗುಂಡಿ ಒತ್ತಿ ಹಿಡಿದಳು. ಕ್ಯಾಮೆರಾ ಪಟಪಟನೆ ಹೊಡೆಯತೊಡಗಿತು. ಅದು ಹಾಗೆ ಒಂದೇ ಸಮ ಹೊಡೆಯುವಾಗ ಪರದೆ ಕಪ್ಪಾಗುತ್ತದೆ. ಆ ಕಪ್ಪನ್ನೇ ನೋಡುತ್ತಾ, ಉಸಿರು ಬಿಗಿಹಿಡಿದು, ಅಲುಗಬಾರದು, ಅಲುಗಬಾರದು ಎಂದುಕೊಳ್ಳುತ್ತಾ ನಿಂತಿದ್ದಳು. ತಲೆ ಎತ್ತಿದಾಗ ಸೂರ್ಯ ಇರಲಿಲ್ಲ.

ಒಂದೊಂದೇ ಚಿತ್ರವನ್ನು ತಿರುಗಿಸಿದಳು. ಕೆಂಪು, ಕೆಂಪು, ಹಳದಿ ಅಂಚಿನ ಕೆಂಪು, ಮತ್ತೆ ಕೆಂಪು. ಕೊನೆಯದಕ್ಕಿಂತ ಹಿಂದಿನ ಚಿತ್ರದಲ್ಲಿ, ಗುಡ್ಡದ ಗೆರೆಯಿಂದ ಬಿಟ್ಟುಕೊಂಡು, ಒಡೆದ ಗಾಜಿನ ಬಳೆಯ ಚೂರಿನಷ್ಟು ಹಸಿರು. ಅಂಚಿಗೆ ಸೋರಿದ ಬಣ್ಣವಲ್ಲ. ಚೂರಿಗೆ ಚೂರೇ ಹಸಿರು. ‘ಯಾ ಅಲ್ಲಾ’ ಎಂದು ಬಾಯಿಂದ ಹೊರಟಿತು. ಬಂಡೆಯ ಮೇಲೆ ಕೂತು ಅಳತೊಡಗಿದಳು. ಸಂತೋಷಕ್ಕೆಂದೇ ಶುರುವಾದದ್ದು, ಆಮೇಲೆ ಬೇರೆ ಯಾವುದಕ್ಕೋ. ಅಬ್ಬಾ ಸುಳ್ಳು ಹೇಳಿರಲಿಲ್ಲ, ಅವರ ಕಣ್ಣು ಸರಿಯಾಗಿಯೇ ಇತ್ತು. ವಾಪಸು ಬಸ್ಸಿನಲ್ಲಿ ಸೊರಬದಿಂದ ಶಿಕಾರಿಪುರದವರೆಗೂ ಕ್ಯಾಮೆರಾವನ್ನು ಆರಿಸುವುದು, ಹಚ್ಚುವುದು, ಮತ್ತೆ ನೋಡುವುದು. ಪಕ್ಕದಲ್ಲಿ ಕೂತಿದ್ದ ಹೆಂಗಸು, ‘ಯಾರ ಫೋಟೋ ಅಷ್ಟು ನೋಡ್ತಿದೀಯವ್ವಾ?’ ಎಂದು ಕೇಳಿಯೂಬಿಟ್ಟಳು.

ಮಾರನೆಯ ದಿನ ಚಿತ್ರವನ್ನು ಮೊಬೈಲಿಗೆ ಹಾಕಿಕೊಂಡು, ಸಂಜೆಯ ನಮಾಜಿಗೆ ಮುಂಚೆ ಅಬ್ಬಾರನ್ನು ಎಳೆದುಕೊಂಡೇ ಬುಡನ್ ಸಾಬರ ಅಂಗಡಿಗೆ ಹೋದಳು. ಅಬ್ಬಾ, ‘ಬೇಡ ಬೇಟಿ, ಇದು ಪಂಚಾಯ್ತಿ ಮಾಡೋ ವಿಷಯ ಅಲ್ಲ’ ಎಂದರೂ ಬಿಡಲಿಲ್ಲ. ಅಂಗಡಿಯಲ್ಲಿ, ಚಂದ್ರ ಕಂಡವರ ಸಾಕ್ಷಿ ಕೇಳುವ ಚಾಂದ್ ಕಮಿಟಿಯ ಇನ್ನೂ ಕೆಲವರಿದ್ದರು. ಬುಡನ್ ಸಾಬರು ಕನ್ನಡಕ ಹಾಕಿ, ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ‘ಬಹಳ ಚೆನ್ನಾಗಿ ಮಾಡಿದೀಯಮ್ಮ’ ಎಂದರು.

‘ಮಾಡಿದ್ದಲ್ಲ ಚಾಚಾ, ತೆಗೆದದ್ದು.’

‘ಅದೇ ಅದೇ. ನಮ್ಮ ಹುಡುಗನ ಮದುವೆ ಆಲ್ಬಂ ನೀನೇ ಅಲ್ವಾ ಮಾಡಿದ್ದು? ಹಿಂದೆ ಸಮುದ್ರ ಐತಿ. ನಮ್ಮ ಬೀಗರು ಕೇಳ್ತಾರೆ, ನಿಮ್ಮ ಶಿಕಾರಿಪುರದಾಗೆ ಸಮುದ್ರ ಎಲ್ಲೈತಿ ಅಂತ.’

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಹುಮೇರಾ ತಾನೇ ಹೋದ ವರ್ಷ ನಕ್ಕಂಥದೇ ನಗು. ಊರಿನ ಜೋಡಿಗಳಿಗೆಲ್ಲ ಸಮುದ್ರ ಹಂಚಿದವಳು ಈಗ ಬಂದು ಇದೊಂದು ಮಾತ್ರ ನಿಜ ಎಂದರೆ ಯಾರು ನಂಬುತ್ತಾರೆ? ಇಷ್ಟು ಸಣ್ಣ ವಿಷಯ ಗುಡ್ಡ ಹತ್ತುವಾಗ ಒಂದು ಸಲವಾದರೂ ತಲೆಗೆ ಹೊಳೆಯಲಿಲ್ಲವಲ್ಲ! ಬುಡನ್ ಸಾಬರು ಕನ್ನಡಕ ತೆಗೆದರು. ಅವರು ಕೆಟ್ಟವರಲ್ಲ. ‘ನೋಡು ಬೇಟಿ, ಫೋಟೋ ಬಿಡು. ಚಂದ್ರನ ವಿಷಯದಾಗೂ ನಾವು ಫೋಟೋ ಕೇಳಲ್ಲ, ಮನುಷ್ಯರನ್ನ ಕೇಳ್ತೀವಿ. ನೀನು ನಿನ್ನ ಕಣ್ಣಿಂದ ಹಸಿರು ನೋಡಿದ್ಯಾ? ಹೌದು ಅನ್ನು, ಸಾಕು. ಪೀರ್ ಭಾಯ್ ಮಾತಿಗೆ ನಿನ್ನದೊಂದು ಮಾತು ಸೇರಿದರೆ ನಾನೇ ಎಲ್ಲರಿಗೂ ಹೇಳ್ತೀನಿ.’

ಅಂಗಡಿಯಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ. ಅಬ್ಬಾ ಅವಳನ್ನು ನೋಡುತ್ತಿರಲಿಲ್ಲ, ರಸ್ತೆ ನೋಡುತ್ತಿದ್ದರು. ಹೌದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಹಸಿರು ಇದ್ದದ್ದು ನಿಜ, ತಾನು ಅಲ್ಲಿದ್ದದ್ದು ನಿಜ, ಚಿತ್ರ ತನ್ನ ಕೈಯಲ್ಲಿದೆ. ತಲೆಯನ್ನು ಒಂದು ಗೇಣು ಮೇಲೆ ಎತ್ತಿದ್ದರೆ ನೋಡಿಯೂ ಇರುತ್ತಿದ್ದೆ. ಇದು ಸುಳ್ಳು ಹೇಗಾಗುತ್ತದೆ? ಸ್ಟುಡಿಯೋದಲ್ಲಿ ದಿನವಿಡೀ ಮಾಡುವುದಕ್ಕಿಂತ ಇದು ಎಷ್ಟೋ ಸಣ್ಣದು. ಆದರೆ ಅವಳಿಗೆ ನೆನಪಿದ್ದದ್ದು ಬರೀ ಕಪ್ಪು ಪರದೆ. ಹಸಿರನ್ನು ನೆನೆಯಲು ಹೋದರೆ ಚಿತ್ರ ಬರುತ್ತಿತ್ತು, ಗುಡ್ಡ ಬರುತ್ತಿರಲಿಲ್ಲ. ಅಬ್ಬಾ ಎಷ್ಟೋ ವರ್ಷ, ಊರೆಲ್ಲ ಬಾಯಿ ನೋಡುತ್ತಾ ನಿಂತಿರುವಾಗ, ‘ಕಾಣಲಿಲ್ಲ’ ಎಂದು ಹೇಳಿ ಇಳಿದು ಬಂದಿದ್ದರು.

‘ಇಲ್ಲ ಚಾಚಾ’ ಎಂದಳು. ‘ನಾನು ನೋಡಿಲ್ಲ. ಆಗ ನಾನು ಕ್ಯಾಮೆರಾ ನೋಡ್ತಿದ್ದೆ.’

ಯಾರೋ ಒಬ್ಬರು ಮತ್ತೆ ನಕ್ಕರು. ಬುಡನ್ ಸಾಬರು ನಗಲಿಲ್ಲ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು.

ಮನೆಯ ಕಡೆ ನಡೆಯುವಾಗ ಅಬ್ಬಾ ಒಂದು ಹೆಜ್ಜೆ ಹಿಂದೆಯೇ ಉಳಿದು ಬರುತ್ತಿದ್ದರು. ಸಿಟ್ಟಾಗಿದ್ದಾರೆ ಎಂದುಕೊಂಡಳು, ಸಿಟ್ಟಾಗಲಿ, ಹೇಳುವುದನ್ನು ಹೇಳಿಯಾಯಿತು. ಚೌಕಿಯ ಬಳಿ ಒಬ್ಬ ಸೈಕಲ್ಲಿನವನಿಗೆ ದಾರಿ ಬಿಡಲು ಅವರ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಅವನು ಎದುರಿಗೇ ಬರುತ್ತಿದ್ದರೂ ಅವರು ಸರಿದಿರಲಿಲ್ಲ. ಆಗ ಅವರು ಕೇಳಿದರು: ‘ಫೋಟೋ ಬಂತಲ್ಲ. ಈಗ ನಿನಗೆ ನಂಬಿಕೆ ಆಯ್ತಾ?’

‘ಆಯ್ತು ಅಬ್ಬಾ.’

‘ಫೋಟೋ ಬರದೇ ಇದ್ದಿದ್ರೆ?’

ಕೇಳಿದ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಅವಳೂ ಒಂದು ಮಾತು ಆಡಿ ಹಗುರಾಗುತ್ತಿದ್ದಳು. ಊರಿನವರಿಗೆ ತೋರಿಸಲು ಗುಡ್ಡ ಹತ್ತುತ್ತೇನೆ ಎಂದು ಚಳಿಗಾಲವೆಲ್ಲ ಹೇಳಿಕೊಂಡು ಓಡಾಡಿದಳಲ್ಲ, ತೋರಿಸಬೇಕಾಗಿದ್ದದ್ದು ತನ್ನೊಬ್ಬಳಿಗೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ಸರಿ. ಆದರೆ ಅಪ್ಪನನ್ನು ಪ್ರಮಾಣಿಸಿ ನೋಡಲು ದೊಡ್ಡ ಲೆನ್ಸು ಹೊತ್ತವಳು ತಾನೊಬ್ಬಳೇ ಇರಬೇಕು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯ ಹಿಂದೆಯೇ ಒಂದು ಹಟ ಬಂತು. ಬುಧವಾರ ಚಂದ್ರ ನೋಡುವ ಸಂಜೆ ಇವರನ್ನು ದಿಬ್ಬಕ್ಕೆ ಕರೆದುಕೊಂಡು ಹೋಗುವುದು. ಯಾರು ಏನಾದರೂ ಅನ್ನಲಿ.

ಬುಧವಾರ ಸಂಜೆ ಶಿವಮೂರ್ತಪ್ಪ, ‘ಸೊರಬದವರು ಆಲ್ಬಂ ನೋಡಾಕೆ ಬರ್ತಾರವ್ವಾ, ಈಗ ಎದ್ದರೆ ಹೆಂಗೆ?’ ಎಂದರು. ‘ಮುಗಿಸಿದೀನ್ರೀ. ಆಕಾಶ ಮಾತ್ರ ಅವರದ್ದೇ ಬಿಟ್ಟಿದೀನಿ, ಬೇಡ ಅಂದ್ರೆ ನಾಳೆ ಹಚ್ಚೋಣ’ ಎಂದು ಚಪ್ಪಲಿ ಮೆಟ್ಟಿದಳು. ಕ್ಯಾಮೆರಾ ಮೇಜಿನ ಮೇಲೇ ಇತ್ತು. ಮನೆಯಲ್ಲಿ ಅಬ್ಬಾ ಬರಲು ಒಪ್ಪಲಿಲ್ಲ. ‘ಕರೆದಿಲ್ಲ ಅವರು’ ಎಂದರು. ‘ಕರೆಯೋದಕ್ಕೆ ಅದೇನು ಅವರ ಮನೆ ಆಕಾಶಾನಾ?’ ಎಂದಳು ಹುಮೇರಾ. ಒಳಗಿನಿಂದ ಅಮ್ಮಿ, ಅಫ್ಸರ್ ಬೇಗಂ, ಟೋಪಿ ತಂದು ಗಂಡನ ಕೈಗೆ ಕೊಟ್ಟಳು. ಹೆಂಡತಿ ಟೋಪಿ ಕೊಟ್ಟ ಮೇಲೆ ಪೀರ್ ಸಾಬರು ಕೂತಿರುವುದು ಹೇಗೆ?

ದಿಬ್ಬದ ಮೇಲೆ ಗಂಡಸರು, ಇಳಿಜಾರಿನಲ್ಲಿ ಮಕ್ಕಳನ್ನು ಎತ್ತಿಕೊಂಡ ಕೆಲವು ಹೆಂಗಸರು. ಹುಮೇರಾ ಇಳಿಜಾರಿನಲ್ಲಿ ನಿಲ್ಲದೆ ಅಬ್ಬಾರ ಕೈ ಹಿಡಿದುಕೊಂಡೇ ಮೇಲೆ ಹೋದಳು. ಮಾತು ಒಮ್ಮೆ ನಿಂತು ಮತ್ತೆ ಶುರುವಾಯಿತು. ಅಡಿಕೆ ತೋಟಗಳ ಆಚೆ ಸೂರ್ಯ ಇಳಿಯಿತು. ಅವಳು ಕೊನೆಯವರೆಗೆ ನೆಲ ನೋಡುತ್ತಿದ್ದು, ಉಗುರಿನಷ್ಟು ಉಳಿದಾಗ ತಲೆ ಎತ್ತಿದಳು. ಕೆಂಪು, ಇನ್ನೂ ಕೆಂಪು, ಮುಗಿಯಿತು. ‘ಚಾಚಾ, ಹಸಿರು ಬಂತಾ?’ ಎಂದು ಯಾರೋ ಕೂಗಿದರು. ‘ಇಲ್ಲಪ್ಪಾ, ಇವತ್ತು ಬರಲಿಲ್ಲ’ ಎಂದರು ಅಬ್ಬಾ, ಸಂತೆಯಲ್ಲಿ ಬದನೆಕಾಯಿ ಬಂತಾ ಎಂದು ಕೇಳಿದವರಿಗೆ ಹೇಳುವ ಹಾಗೆ. ಬಣ್ಣ ಆರುತ್ತಾ ಬಂತು. ಎಲ್ಲರೂ ಹುಬ್ಬಿಗೆ ಕೈ ಅಡ್ಡ ಹಿಡಿದು ಹುಡುಕಿದರು. ಅಲ್ಲಿ ಎಂದರು, ಅಲ್ಲ ವಿಮಾನದ ಗೆರೆ ಎಂದರು, ಹೊಗೆ ಎಂದರು. ಹುಡುಗರು ಒಂದು ದಿಕ್ಕಿಗೆ ಕೈ ತೋರಿ, ಮರುಗಳಿಗೆಯಲ್ಲಿ ಇನ್ನೊಂದು ದಿಕ್ಕಿಗೆ ತೋರಿದರು. ಕೊನೆಗೆ ಬುಡನ್ ಸಾಬರು ತಾಳಲಾರದೆ ಈ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆಯೇ, ‘ಪೀರ್ ಭಾಯ್, ನೀವು ಹೇಳ್ರಿ’ ಎಂದರು.

ಇದಕ್ಕೇ ಅಲ್ಲವೇ ಹುಮೇರಾ ಬಂದದ್ದು. ಅಬ್ಬಾ ಬಹಳ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಅದೇ ಹೊತ್ತಿಗೆ, ಅವರ ಭುಜದ ಪಕ್ಕದಿಂದ, ಯಾರೂ ತೋರಿಸದೆ ಅವಳಿಗೆ ಕಂಡಿತು. ಇರುವುದೇ ಅನುಮಾನ ಎನ್ನುವಷ್ಟು ಸಣ್ಣ ಗೆರೆ, ಒಮ್ಮೆ ಕಂಡ ಮೇಲೆ ಕಾಣದೆ ಇರಲಾರದಂಥದು. ಅಬ್ಬಾರ ಮುಖ ನೇರ ಅದರ ಕಡೆಗೇ ಇತ್ತು.

‘ನನಗೆ ಕಾಣ್ತಿಲ್ಲ’ ಎಂದರು ಅವರು. ‘ಹೋದ ವರ್ಷ ಕಂಡಿತ್ತು. ಈ ವರ್ಷ ನನ್ನ ಕಣ್ಣು ಸಾಲದು ಬುಡನ್ ಭಾಯ್. ನನ್ನ ಮಾತು ಹಿಡೀಬೇಡಿ.’

ತಾನು ಬಾಯಿ ಮುಚ್ಚಿಕೊಂಡರೆ, ಯಾರಿಗೂ ಕಾಣಲಿಲ್ಲ ಎಂದಾಗಿ ಈ ಸಂಜೆ ಅಬ್ಬಾರಿಗೆ ಹೇಗೋ ದಾಟಿ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಿದಳು, ‘ಚಾಚಾ, ನಾನು ನೋಡಿದೆ. ಕಣ್ಣಿಂದಲೇ ನೋಡ್ತಿದೀನಿ.’

ಬುಡನ್ ಸಾಬರು ಅವಳನ್ನು ದಿಟ್ಟಿಸಿದರು. ‘ನೀನು ಹೇಳಿದ್ರೆ ಆಯ್ತು’ ಎಂದರು. ಯಾರೂ ನಗಲಿಲ್ಲ. ಸಾಕ್ಷಿಯನ್ನು ಪ್ರಶ್ನೆ ಕೇಳುವುದು ರೂಢಿ, ಅದಕ್ಕೆ ಅವರು ಬಾಯಿ ತೆರೆಯುವ ಮುಂಚೆಯೇ ಅಬ್ಬಾ ಮಗಳ ಕಡೆ ತಿರುಗಿದರು, ಪರಿಚಯವೇ ಇಲ್ಲದವರ ಹಾಗೆ.

‘ಎಷ್ಟು ಎತ್ತರಕ್ಕಿದೆ?’

‘ತೋಟದ ಮೇಲೆ, ಕೈ ಚಾಚಿ ಹಿಡಿದರೆ ಒಂದು ಮುಷ್ಟಿ.’

‘ಕೊಂಬು ಯಾವ ಕಡೆ?’

‘ಎರಡೂ ಮೇಲಕ್ಕೆ. ದೋಣಿ ಥರ ಮಲಗಿದೆ.’

‘ಖಂಡಿತಾನಾ?’

‘ಖಂಡಿತ ಅಬ್ಬಾ.’

ಹೊತ್ತು ಹೋದಂತೆ ಇನ್ನೂ ಯಾರ್‍ಯಾರಿಗೋ ಚಂದ್ರ ಕಾಣತೊಡಗಿ ದಿಬ್ಬದ ತುಂಬ ಗದ್ದಲವಾಯಿತು. ಬುಡನ್ ಸಾಬರು ಆಗಲೇ ಫೋನು ಕಿವಿಗಿಟ್ಟಿದ್ದರು. ಅಬ್ಬಾ ಮಾತ್ರ ತಮಗೆ ಏನೂ ಕಾಣದ ಆಕಾಶದ ಕಡೆ ಮುಖ ಮಾಡಿ, ದುವಾಕ್ಕೆ ಎರಡೂ ಅಂಗೈ ಎತ್ತಿ, ‘ಹಾಗಾದ್ರೆ ಇದೆ’ ಎಂದರು.